ಒಂದೇ ಗಿಟಾರಿನಲ್ಲಿ ಎರಡು ಗಿಟಾರಿನ ಸದ್ದು ಹೆಂಗೆ? (ಅಕೌಸ್ಟಿಕ್ ಬ್ಲೂಸ್ ಆಲ್ಬಮ್ ಒಂದರ ಬಗ್ಗೆ)

ಮಳೆಗಾಲದ ಶ್ರುತಿ, ಶಿರಸಿ

ಅಕೌಸ್ಟಿಕ್ ಬ್ಲೂಸ್, ಅಮೆರಿಕಾನಾ ಹೇಳಿ ಹಣೆಪಟ್ಟಿ ಇರುವ ಆಲ್ಬಮ್ ಒಂದು ಮೊನ್ನೆ ಕಿವಿಗೆ ಬಿತ್ತು. ಹಾಡು ಬರೆದವನೂ ಹಾಡಿದವನೂ ಒಬ್ಬನೇ. ದನಿ, ಗಿಟಾರ್, ಅಲ್ಲಲ್ಲಿ ಮೌತ್ ಆರ್ಗನ್ ಬಿಟ್ಟರೆ ಬೇರೆ ವಾದ್ಯ ಇಲ್ಲ ಹೇಳಿ ವಿವರದಲ್ಲಿ ಬರೆದಿದೆ. ಮೊಬೈಲಿನಲ್ಲಿ ಕೇಳಿದರೆ ಅದು ಸರಿ ಅನ್ನಿಸುತ್ತೆ. ಹೆಡ್‌ಫೋನ್ ಹಾಕಿದ ಕೂಡಲೇ ಎರಡು ಗಿಟಾರ್! ಒಂದು ಕೆಳಗೆ ಧಮ್ ಧಮ್ ಹೇಳಿ ನಡೀತಾ ಇರ್ತದೆ, ಇನ್ನೊಂದು ಅದರ ಮೇಲೆ ಹಾಡಿನ ಮಟ್ಟು ಬಾರಿಸ್ತದೆ. ಇದು ಸ್ಟುಡಿಯೋದಲ್ಲಿ ಎರಡು ಸಲ ಬಾರಿಸಿ ಸೇರಿಸಿದ್ದಾ?

ಇನ್ನೊಂದು, ಮೂರನೇ ಹಾಡಿನಲ್ಲಿ ಗಿಟಾರ್ ಮೀಂಡ್ ಎಳೆದ ಹಾಗೆ ಜಾರುತ್ತೆ. ಮಾಮೂಲಿ ಟ್ಯೂನಿಂಗಿನಲ್ಲಿ ಹುಡುಕಿದರೆ ಅದರ ಕೆಳಗಿನ ಸ್ವರ ನಮ್ಮ 6ನೇ, ಅಂದರೆ ಅತಿ ದಪ್ಪ ತಂತಿಗಿಂತಲೂ ಕೆಳಗೆ ಹೋಗ್ತದೆ. ಹಾಡುವವನ ಗಾಂಧಾರವೂ ಎಲ್ಲೋ ನಡುವೆ ನಿಲ್ಲುತ್ತೆ. ಬೇಸೂರ್ ಅನ್ನಬೇಕೋ, ಬೇಕು ಅಂತಲೇ ಮಾಡಿದ್ದೋ ಗೊತ್ತಾಗ್ತಾ ಇಲ್ಲ.

ಕೈಯಲ್ಲಿರುವುದು 41 ಇಂಚಿನ ಡ್ರೆಡ್‌ನಾಟ್ (ದೊಡ್ಡ ಪೆಟ್ಟಿಗೆಯ ಗಿಟಾರ್), ಸ್ಪ್ರೂಸ್ ಮರದ ಮೇಲ್ಹಲಗೆ, 12ರಿಂದ 53ರ ದಪ್ಪದ ತಂತಿ (ಇಂಚಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ). ಈ ಮಳೆಯಲ್ಲಿ ಅದರ ತಂತಿ ಇಳಿಸಿ ಏರಿಸಿ ಮಾಡಬಹುದಾ? ಈ ಆಲ್ಬಮ್ ಆದಮೇಲೆ ಯಾರನ್ನು ಕೇಳಬೇಕು ಅಂತಲೂ ಹೇಳಿ.

ಕಾಳಿ ಸೇತುವೆ, ಕಾರವಾರ

ಸೇರಿಸಿದ್ದಲ್ಲ, ಒಂದೇ ಗಿಟಾರ್. ಕೆಳಗೆ ನಡೆಯುವುದು ಬಲಗೈ ಹೆಬ್ಬೆರಳು, ಮೇಲಿನ ಮಟ್ಟು ತೋರುಬೆರಳು ಮತ್ತು ಮಧ್ಯದ ಬೆರಳಿನದು.

ಮೊಬೈಲಿನಲ್ಲಿ ಯಾಕೆ ಕೇಳಿಸಲಿಲ್ಲ ಅಂದರೆ, 6ನೇ ತಂತಿ ಬಿಡಿಯಾಗಿ ಮಿಡಿದಾಗ 82 ಹರ್ಟ್ಸ್, 5ನೆಯದು 110, 4ನೆಯದು 147. ಮೊಬೈಲಿನ ಪುಟ್ಟ ಸ್ಪೀಕರ್ 200ರ ಕೆಳಗಿನದನ್ನು ಹೆಚ್ಚುಕಡಿಮೆ ನುಂಗಿಬಿಡುತ್ತೆ. ಅಂದರೆ ಹೆಬ್ಬೆರಳಿನ ಕೆಲಸ ಮುಕ್ಕಾಲು ಪಾಲು ಮಾಯ. ಬ್ಲೂಸ್ ಅನ್ನು ಮೊಬೈಲ್ ಸ್ಪೀಕರಿನಲ್ಲಿ ಕೇಳುವುದು ಮದ್ದಳೆ ತೆಗೆದಿಟ್ಟು ಯಕ್ಷಗಾನದ ಆಟ ನೋಡಿದ ಹಾಗೆ. ಜೊತೆಗೆ, ಧ್ವನಿಮುದ್ರಣದಲ್ಲಿ ಹೆಚ್ಚಾಗಿ ಎರಡು ಮೈಕ್ ಇಡ್ತಾರೆ, ಒಂದು 12ನೇ ಫ್ರೆಟ್ಟಿನ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಎದುರು, ಇನ್ನೊಂದು ಬ್ರಿಜ್ (ಪೆಟ್ಟಿಗೆಯ ಮೇಲೆ ತಂತಿ ಸಿಕ್ಕಿಸಿರುವ ಮರದ ತುಂಡು) ಕಡೆ. ಒಂದನ್ನು ಎಡಕಿವಿಗೆ, ಇನ್ನೊಂದನ್ನು ಬಲಕಿವಿಗೆ ಕಳಿಸಿದರೆ ಇಬ್ಬರು ಕೂತು ಬಾರಿಸಿದ ಭ್ರಮೆ ಗಟ್ಟಿಯಾಗುತ್ತೆ. ಫೋನಿನ ಸೆಟ್ಟಿಂಗಿನಲ್ಲಿ ಮೋನೋ ಆಡಿಯೋ ಆನ್ ಮಾಡಿ ಕೇಳಿ, ಎರಡೂ ಒಂದೇ ಪೆಟ್ಟಿಗೆಯಿಂದ ಬರೋದು ಗೊತ್ತಾಗುತ್ತೆ. ನಿಜವಾಗಿ ಎರಡು ಸಲ ಬಾರಿಸಿದ್ದನ್ನು ಹಿಡಿಯೋದಕ್ಕೂ ದಾರಿ ಇದೆ: ಎಡಗೈ 12ನೇ ಫ್ರೆಟ್ಟಿನ ಹತ್ತಿರ ಆಡುತ್ತಿರುವಾಗಲೇ ಕೆಳಗೆ, ಬಿಡಿ ತಂತಿಯಲ್ಲಿ ಸಿಗದ ಸ್ವರ ಒತ್ತಿ ನುಡಿಸಿದ್ದು ಕೇಳಿಸಿದರೆ ಅಲ್ಲಿ ಇನ್ನೊಂದು ಕೈ ಇದೆ.

ಕಲಿಯುವ ಕ್ರಮ. ಸಿ ಕಾರ್ಡ್ (ಕಾರ್ಡ್ ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿದು ಹೆಬ್ಬೆರಳು ಮಾತ್ರ ಆಡಿಸಿ: 5ನೇ ತಂತಿ, 4, 6, 4. ಮತ್ತೆ 5, 4, 6, 4. ಮೆಟ್ರೋನೋಮ್ (ಮಾತ್ರೆ ಎಣಿಸುವ ಯಂತ್ರ) ನಿಮಿಷಕ್ಕೆ 60ರಲ್ಲಿ ಇರಲಿ. 6ನೇ ತಂತಿಗೆ ಹೋಗುವಾಗ ಉಂಗುರಬೆರಳು 5ನೇ ತಂತಿಯ 3ನೇ ಫ್ರೆಟ್ಟಿಂದ 6ನೇ ತಂತಿಯ 3ನೇ ಫ್ರೆಟ್ಟಿಗೆ ಹಾರಬೇಕು. ಅದು ಕಷ್ಟ ಆದರೆ ಮೊದಲು 5, 4, 5, 4 ಸಾಕು. ಅಂಗೈಯ ಅಂಚು ಸ್ಯಾಡಲ್ (ಬ್ರಿಜ್ ಮೇಲೆ ತಂತಿ ಕೂರುವ ಪಟ್ಟಿ) ಮೇಲೆ, ದಪ್ಪ ತಂತಿಗಳಿಗೆ ತಾಗಿಯೂ ತಾಗದ ಹಾಗೆ ಇರಲಿ. ಆಗ ಗುಂಯ್ ಅನ್ನುವ ಬದಲು ಧಮ್ ಅನ್ನುತ್ತೆ. ಒಂದು ಮಿಲಿಮೀಟರ್ ಮುಂದೆ ಬಂದರೆ ಸದ್ದು ಸತ್ತುಹೋಗುತ್ತೆ, ಹಿಂದೆ ಸರಿದರೆ ಮಫಲ್ ಆಗೋದೇ ಇಲ್ಲ. ಆ ಜಾಗ ಪ್ರತಿ ಗಿಟಾರಿಗೂ ಬೇರೆ, ಹುಡುಕಿಕೊಳ್ಳಲೇಬೇಕು.

ಹೆಬ್ಬೆರಳು ಆಡುತ್ತಲೇ ಪಕ್ಕದವರ ಹತ್ತಿರ ಮಾತಾಡೋದಕ್ಕೆ ಆಗುವವರೆಗೂ ಬೇರೆ ಬೆರಳು ಮುಟ್ಟಬೇಡಿ. ಅದಾದ ಮೇಲೆ ಮೊದಲ ಮಾತ್ರೆಯಲ್ಲಿ ಹೆಬ್ಬೆರಳ ಜೊತೆಗೇ ಮಧ್ಯದ ಬೆರಳಿನಿಂದ 1ನೇ ತಂತಿ, ಚಿವುಟಿದ ಹಾಗೆ. ಅದು ಕೂತಮೇಲೆ ಎಡೆಪೆಟ್ಟು. ಬಾಯಲ್ಲಿ ‘ತಕಧಿಮಿ’ ಹೇಳಿಕೊಳ್ಳಿ: ‘ತ’, ‘ಧಿ’ ಎರಡಕ್ಕೂ ಹೆಬ್ಬೆರಳು, ‘ಕ’ ಅಥವಾ ‘ಮಿ’ ಮೇಲೆ ತೋರುಬೆರಳಿನಿಂದ 2ನೇ ತಂತಿ. ತೂಗುವ ನಡೆ ಬೇಕಾದರೆ ‘ತಕಿಟ’ ಹೇಳಿ: ‘ತ’ಕ್ಕೆ ಹೆಬ್ಬೆರಳು, ‘ಕಿ’ ಖಾಲಿ, ‘ಟ’ಕ್ಕೆ ಬೆರಳು. ಬ್ಲೂಸಿನ ಶಫಲ್ ಅನ್ನೋದು ಇದೇ, ತಿಶ್ರ ನಡೆ.

ಬಿಳಿ ಎರಡು, ಹೊನ್ನಾವರ

ಮೂರನೇ ಹಾಡು ಓಪನ್ ಟ್ಯೂನಿಂಗ್ ಇರಬೇಕು. ಅಂದರೆ ಎಡಗೈ ಮುಟ್ಟದೆ ಆರೂ ತಂತಿ ಸವರಿದರೆ ಪೂರ್ತಿ ಕಾರ್ಡ್ ಬರುವ ಹಾಗೆ ಶ್ರುತಿ ಮಾಡಿದ್ದು. ತಂಬೂರಿ ಕೇಳಿ ಬೆಳೆದವರಿಗೆ ಇದು ಮಾಮೂಲಿ ಗಿಟಾರ್ ಟ್ಯೂನಿಂಗಿಗಿಂತ ಸಲೀಸು. ಹಾರ್ಮೋನಿಯಂ ಬಿಳಿ 2, ಅಂದರೆ ಡಿ, ಷಡ್ಜ ಅಂತಿಟ್ಟುಕೊಳ್ಳಿ. ಓಪನ್ ಡಿ ಟ್ಯೂನಿಂಗ್ ದಪ್ಪ ತಂತಿಯಿಂದ ಸಪುರಕ್ಕೆ ಹೀಗೆ: ಸ ಪ ಸ ಗ ಪ ಸ. ಗಾಂಧಾರ ಶುದ್ಧ.

ಮಾಮೂಲಿ ಟ್ಯೂನಿಂಗಿನಿಂದ ಅಲ್ಲಿಗೆ ಹೋಗೋದಕ್ಕೆ 6ನೆಯದನ್ನು ಎರಡು ಫ್ರೆಟ್ಟಿನಷ್ಟು ಇಳಿಸಿ, 3ನೆಯದನ್ನು ಒಂದು, 2 ಮತ್ತು 1ನ್ನು ಎರಡೆರಡು. 5, 4 ಮುಟ್ಟಬೇಕಾಗಿಲ್ಲ. ತಾಳೆ ನೋಡೋದು ಹೀಗೆ: 6ನೇ ತಂತಿಯ 7ನೇ ಫ್ರೆಟ್ 5ನೆಯದಕ್ಕೆ ಕೂಡಬೇಕು, 5ರ 5ನೇ ಫ್ರೆಟ್ 4ಕ್ಕೆ, 4ರ 4ನೇ ಫ್ರೆಟ್ 3ಕ್ಕೆ, 3ರ 3ನೇ ಫ್ರೆಟ್ 2ಕ್ಕೆ, 2ರ 5ನೇ ಫ್ರೆಟ್ 1ಕ್ಕೆ. ಇಳಿಸುವಾಗ ಬೇಕಾದ ಸ್ವರಕ್ಕಿಂತ ಸ್ವಲ್ಪ ಕೆಳಗೆ ಹೋಗಿ ಮೇಲಕ್ಕೆ ಬಂದು ನಿಲ್ಲಿಸಿ. ಕೆಳಗಿಳಿಸಿ ನಿಲ್ಲಿಸಿದರೆ ನಟ್ಟಿನ (ಗಿಟಾರಿನ ತಲೆಯ ಬುಡದಲ್ಲಿ ತಂತಿ ಹಾಯುವ ಪಟ್ಟಿ) ಸೀಳಿನಲ್ಲಿ ತಂತಿ ಸಿಕ್ಕಿಕೊಂಡಿದ್ದು ಎರಡನೇ ಸಾಲಿನಲ್ಲಿ ಜಾರಿ ಮಾನ ಕಳೆಯುತ್ತೆ.

ಓಪನ್ ಜಿ ಇನ್ನೊಂದು: ಪ ಸ ಪ ಸ ಗ ಪ, ಇಲ್ಲಿ ಷಡ್ಜ ಬಿಳಿ 5. ಇದಕ್ಕೆ 6, 5, 1 ಮಾತ್ರ ಎರಡೆರಡು ಫ್ರೆಟ್ ಇಳಿಸಬೇಕು. ನಿಮ್ಮ ಹಾಡು ಯಾವುದರಲ್ಲಿದೆ ಅಂತ ಕಿವಿಯಲ್ಲೇ ಹಿಡಿಯಬಹುದು. ಹಾಡು ಮನೆಗೆ ಬಂದು ನಿಂತಾಗ ಹೆಬ್ಬೆರಳಿನ ಷಡ್ಜ ಎಲ್ಲಕ್ಕಿಂತ ಕೆಳಗಿನ ತಂತಿಯಲ್ಲೇ ಬಿದ್ದರೆ ಡಿ. ಷಡ್ಜದ ಕೆಳಗೂ ಒಂದು ಪಂಚಮ ಗುನುಗುತ್ತಿದ್ದರೆ ಜಿ.

ಇನ್ನು ಗಾಂಧಾರ. ಅದು ಬೇಸೂರ್ ಅಲ್ಲ, ಬ್ಲೂಸಿನ ಉಸಿರೇ ಅದು. ಗಿಟಾರಿನ ಕಾರ್ಡಿನಲ್ಲಿ ಶುದ್ಧ ಗಾಂಧಾರ ನಿಂತಿರುತ್ತೆ, ಅದರ ಮೇಲೆಯೇ ಗಂಟಲು ಕೋಮಲ ಗಾಂಧಾರದಿಂದ ಹೊರಟು ಶುದ್ಧಕ್ಕೆ ಪೂರ್ತಿ ಮುಟ್ಟದೆ ನಿಲ್ಲುತ್ತೆ. ಆ ತಿಕ್ಕಾಟವೇ ರುಚಿ. ನಿಷಾದಕ್ಕೂ ಇದೇ ಗತಿ. ಗಂಟಲು ಓಡಾಡುವ ಸ್ವರ ಬರೆದುಕೊಂಡರೆ ಸ, ಕೋಮಲ ಗ, ಮ, ಪ, ಕೋಮಲ ನಿ, ಅಂದರೆ ಧಾನಿ ರಾಗದ ಐದು ಸ್ವರ. ಹಾಗಂತ ಧಾನಿ ಹಾಡಿದ ಹಾಗೆ ಹಾಡಿದರೆ ಬ್ಲೂಸ್ ಆಗೋದಿಲ್ಲ. ಧಾನಿಯ ಹಿಂದೆ ತಂಬೂರಿ ಇರುತ್ತೆ, ಇಲ್ಲಿ ಹಿಂದೆ ಷಡ್ಜ, ಮಧ್ಯಮ, ಪಂಚಮದ ಮೇಲೆ ಕಟ್ಟಿದ ಮೂರು ಕಾರ್ಡ್ ಸರದಿಯಲ್ಲಿ ಬದಲಾಗುತ್ತೆ.

ಆ ಸರದಿ ನಾಲ್ಕು ಮಾತ್ರೆಯ 12 ಆವರ್ತನ: ನಾಲ್ಕು ಸ, ಎರಡು ಮ, ಎರಡು ಸ, ಒಂದು ಪ, ಒಂದು ಮ, ಎರಡು ಸ. ಸಾಹಿತ್ಯ ಮೂರು ಸಾಲು. ಮೊದಲನೆಯದನ್ನೇ ಎರಡು ಸಲ ಹಾಡಿ ಮೂರನೆಯದರಲ್ಲಿ ಅದಕ್ಕೆ ಉತ್ತರ. ಒಂದು ಸಾಲಿಗೆ ನಾಲ್ಕು ಆವರ್ತನ, ಅದರಲ್ಲಿ ದನಿ ಎರಡನ್ನು ತುಂಬಿದರೆ ಉಳಿದೆರಡರಲ್ಲಿ ಗಿಟಾರ್ ಮಾರುತ್ತರ ಕೊಡುತ್ತೆ. ಒಬ್ಬನೇ ಹಾಡುವವರು ಈ ಲೆಕ್ಕ ಮುರಿಯೋದೂ ಉಂಟು. ಮಾತು ಮುಗಿಯದಿದ್ದರೆ ಎರಡು ಮಾತ್ರೆ ಹೆಚ್ಚು, ಮುಗಿದರೆ ಕಡಿಮೆ. ಹಾಗಾಗಿ ಮೆಟ್ರೋನೋಮ್ ಹಿಡಿದು ಎಣಿಸುತ್ತ ಕೂತು ‘ನನ್ನ ಲೆಕ್ಕ ತಪ್ಪಿತು’ ಅಂತ ತಲೆ ಕೆಡಿಸಿಕೊಳ್ಳಬೇಡಿ.

ಬಿರಡೆ, ಅಂಕೋಲಾ

ಜಾರುವ ಸದ್ದು ಸ್ಲೈಡಿನದು. ಗಾಜಿನ ಅಥವಾ ಲೋಹದ ಕೊಳವೆ. ಕಿರುಬೆರಳಿಗೆ ಹಾಕಿ, ಉಳಿದ ಮೂರು ಬೆರಳು ಸ್ವರ ಒತ್ತೋದಕ್ಕೆ ಬೇಕು. ಫ್ರೆಟ್ಟುಗಳ ನಡುವೆ ಅಲ್ಲ, ಫ್ರೆಟ್ ತಂತಿಯ ನೇರ ಮೇಲೆ ನಿಲ್ಲಿಸಬೇಕು. ಒತ್ತಬಾರದು, ತೂಕ ಬಿಟ್ಟರೆ ಸಾಕು. ಸ್ಲೈಡಿನ ಹಿಂದೆ, ನಟ್ ಕಡೆಗೆ, ತೋರುಬೆರಳು ತಂತಿಗಳ ಮೇಲೆ ಹಗುರವಾಗಿ ಮಲಗಿರಲಿ. ಇಲ್ಲದಿದ್ದರೆ ಹಿಂದಿನ ತುಂಡು ತಂತಿಯೂ ಕಿರಿಗುಟ್ಟುತ್ತೆ. ಹತ್ತರಲ್ಲಿ ಎಂಟು ಜನರ ಸ್ಲೈಡ್ ಕೆಟ್ಟದಾಗಿ ಕೇಳೋದು ಇದೊಂದೇ ಕಾರಣಕ್ಕೆ. ಓಪನ್ ಡಿಯಲ್ಲಿ 5ನೇ ಫ್ರೆಟ್ ಮಧ್ಯಮದ ಕಾರ್ಡ್, 7 ಪಂಚಮದ್ದು, 12 ಮೇಲಿನ ಷಡ್ಜ. ಷಡ್ಜದ ತಂತಿಗಳಲ್ಲಿ 3ನೇ ಫ್ರೆಟ್ ಕೋಮಲ ಗಾಂಧಾರ, ಅದಕ್ಕಿಂತ ಕೂದಲೆಳೆ ಮೇಲೆ ನಿಲ್ಲಿಸಿದರೆ ಮೇಲಿನವರು ಹೇಳಿದ ಗಾಂಧಾರ.

ಬ್ರಿಜ್‌ಭೂಷಣ್ ಕಾಬ್ರಾ, ವಿಶ್ವಮೋಹನ ಭಟ್ಟರಂಥ ಹಿಂದೂಸ್ತಾನಿ ಗಿಟಾರ್ ವಾದಕರ ಕೈ ನೋಡಿ ಇದನ್ನು ಕಲಿಯೋದಕ್ಕೆ ಹೋಗಬೇಡಿ. ಅವರದ್ದು ಗಿಟಾರ್ ಅಂಗಾತ ಮಲಗಿಸಿ ಮೇಲಿಂದ ಉಕ್ಕಿನ ಸರಳು ಆಡಿಸುವ ಪದ್ಧತಿ, ತಂತಿ ಫ್ರೆಟ್ಟಿನಿಂದ ತುಂಬ ಎತ್ತರದಲ್ಲಿರುತ್ತೆ. ಬ್ಲೂಸಿನವರು ಮಾಮೂಲಿನ ಹಾಗೆ ನಿಲ್ಲಿಸಿಯೇ ಹಿಡೀತಾರೆ. ಎರಡೂ ಸೇರಿದ್ದು ಕೇಳಬೇಕಾದರೆ ಭಟ್ಟರು ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಜೊತೆ ಮಾಡಿದ ಆಲ್ಬಮ್ ಇದೆ, 1994ರಲ್ಲಿ ಗ್ರ್ಯಾಮಿ ಬಂದದ್ದು.

ಎತ್ತರ ಅಳೆಯೋದಕ್ಕೆ ಉಬ್ಬು ಅಕ್ಷರ ಇಲ್ಲದ ಎಟಿಎಂ ಕಾರ್ಡ್ ಸಾಕು, ದಪ್ಪ 0.76 ಮಿ.ಮೀ. 12ನೇ ಫ್ರೆಟ್ ಮೇಲೆ 6ನೇ ತಂತಿಯ ಕೆಳಗೆ ಮೂರು ಕಾರ್ಡ್ ಬಿಗಿಯಾಗಿ ಹೋದರೆ ಮಾಮೂಲಿ ಬಾರಿಸೋದಕ್ಕೆ ಸರಿ. ಸ್ಲೈಡಿಗೆ ಅಲ್ಲಿ ನಾಲ್ಕು, 1ನೇ ತಂತಿಯ ಕೆಳಗೆ ಮೂರು ಇರಲಿ. ಅದಕ್ಕಿಂತ ಕಡಿಮೆ ಇದ್ದರೆ ಕೊಳವೆ ಫ್ರೆಟ್ಟಿಗೆ ಕಟಕಟ ಬಡಿಯುತ್ತೆ.

ಇಳಿಸಿದ್ದರಿಂದ ಗಿಟಾರ್ ಕೆಡೋದಿಲ್ಲ. ಮಾಮೂಲಿ ಶ್ರುತಿಯಲ್ಲಿ ನಿಮ್ಮ ತಂತಿಗಳ ಒಟ್ಟು ಎಳೆತ ಸುಮಾರು 70 ಕಿಲೋ, ಓಪನ್ ಡಿಯಲ್ಲಿ ಅದು ಕಡಿಮೆಯೇ ಆಗುತ್ತೆ. ಬೇರೆ ತೊಂದರೆ ಇದೆ: ಎಳೆತ ತಗ್ಗಿದಾಗ ನೆಕ್ಕಿನ ಬಾಗು ಕಡಿಮೆಯಾಗಿ ಒಂದು, ಎರಡನೇ ಫ್ರೆಟ್ಟಿನಲ್ಲಿ ತಂತಿ ಝರ್ ಅನ್ನುತ್ತೆ. ಓಪನ್ ಡಿಯಲ್ಲೇ ಇರೋದಾದರೆ 13ರಿಂದ 56ರ ತಂತಿ ಹಾಕಿ. ಮೇಲೆ ಏರಿಸುವ ಓಪನ್ ಇ ಟ್ಯೂನಿಂಗ್ ಮಾತ್ರ ಬೇಡ. ಓಪನ್ ಡಿಗೆ 2ನೇ ಫ್ರೆಟ್ಟಿನಲ್ಲಿ ಕ್ಯಾಪೋ (ಎಲ್ಲ ತಂತಿ ಒತ್ತಿ ಹಿಡಿಯುವ ಕ್ಲಿಪ್) ಹಾಕಿದರೆ ಅದೇ ಸ್ವರ ಸಿಗುತ್ತೆ.

ಮಳೆ ವಿಷಯ. ಗಿಟಾರಿಗೆ ಹಿತವಾದ ತೇವ ಶೇ. 45ರಿಂದ 55. ನಮ್ಮಲ್ಲಿ ಜುಲೈ ಅಂದರೆ ಶೇ. 90 ಮುಟ್ಟುತ್ತೆ, ಶಿರಸಿಯಲ್ಲೂ ಕಡಿಮೆ ಏನಿಲ್ಲ. ಸ್ಪ್ರೂಸ್ ಹಲಗೆ ನೀರು ಕುಡಿದು ಬ್ರಿಜ್ ಹಿಂದೆ ಹೊಟ್ಟೆ ಬರುತ್ತೆ, ತಂತಿ ಎತ್ತರ ಆಗುತ್ತೆ, ದನಿ ಮಂದವಾಗುತ್ತೆ. ಆಗ ಸ್ಯಾಡಲ್ ಉಜ್ಜಿಸಿ ತಗ್ಗಿಸಿಬಿಟ್ಟರೆ ಜನವರಿಯಲ್ಲಿ ಹಲಗೆ ಒಣಗಿ ಕೂತಾಗ ಪ್ರತಿ ಫ್ರೆಟ್ಟಿನಲ್ಲೂ ಝರ್. ಮಳೆಗಾಲದಲ್ಲಿ ಸ್ಯಾಡಲಿಗೆ ಅರ ಹಾಕಬೇಡಿ, ಹಾಕಿಕೊಡ್ತೇವೆ ಅಂದವರಿಗೂ ಬೇಡ ಅನ್ನಿ.

ಬಟ್ಟೆ ಚೀಲದೊಳಗೆ ಸಿಲಿಕಾ ಜೆಲ್ ಇಡೋದು ವ್ಯರ್ಥ, ಊರಿನ ತೇವವೆಲ್ಲ ಒಳಗೆ ಬರುತ್ತೆ. ಸರಿಯಾಗಿ ಮುಚ್ಚುವ ಗಟ್ಟಿ ಕೇಸ್ ಬೇಕು. ಅದರಲ್ಲಿ 150 ಗ್ರಾಮಿನ ಎರಡು ಬಟ್ಟೆ ಪೊಟ್ಟಣ, ಒಂದು ತಲೆಯ ಹತ್ತಿರ, ಒಂದು ನೆಕ್ ಬುಡದ ಕೆಳಗೆ, ಜೊತೆಗೆ ಸಣ್ಣ ಡಿಜಿಟಲ್ ತೇವಮಾಪಕ. ಕಿತ್ತಳೆ ಬಣ್ಣದ ಜೆಲ್ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ನೀರು ಹೀರಿ ಹಸಿರಾಗುತ್ತೆ. ಓವನ್ನಿನಲ್ಲಿ 120 ಡಿಗ್ರಿಗೆ ಎರಡು ತಾಸು ಇಟ್ಟರೆ ಮತ್ತೆ ಕಿತ್ತಳೆ. ನೀಲಿ ಜೆಲ್ಲಿನಲ್ಲಿ ಕೋಬಾಲ್ಟ್ ಇರುತ್ತೆ, ಅಡುಗೆ ಓವನ್ನಿಗೆ ಬೇಡ. ಅಕ್ಕಿ ಪೊಟ್ಟಣವೂ ಬೇಡ, ಹುಳ ಬರೋದೊಂದೇ ಲಾಭ. ಕರಾವಳಿಯಲ್ಲಿ ಕೇಸಿನೊಳಗೆ ಶೇ. 60ರ ಆಸುಪಾಸು ನಿಂತರೆ ತೃಪ್ತಿಪಡಿ.

ಚಿರೆಕಲ್ಲಿನ ಹೊರಗೋಡೆಗೆ ನೇತುಹಾಕಬೇಡಿ. ಒಲೆಯ ಮೇಲಿನ ಅಟ್ಟ ಒಣ ಇರುತ್ತೆ ಅಂತ ಅಲ್ಲಿಡುವವರೂ ಇದ್ದಾರೆ! ಅಡಿಕೆಗೆ ಆ ಶಾಖ ಸರಿ, ಗಿಟಾರಿನ ಅಂಟಿಗೆ ಅಲ್ಲ. ತಿಂಗಳಿಗೊಮ್ಮೆ ಬ್ರಿಜ್ಜಿನ ಹಿಂದಿನ ಅಂಚಿಗೆ ಕಾಗದದ ಚೂರು ತೂರಿಸಿ ನೋಡಿ. ಒಳಗೆ ಹೋದರೆ ಅಂಟು ಬಿಡುತ್ತಿದೆ ಅಂತ ಅರ್ಥ, ಅವತ್ತೇ ತಂತಿ ಸಡಿಲಿಸಿ ರಿಪೇರಿಗೆ ಕೊಡಿ.

ಘಟ್ಟದ ಮೇಲೆ, ಯಲ್ಲಾಪುರ

ಹಂಗಾರೆ ಒಂದು ಅಡ್ಡ ಪ್ರಶ್ನೆ. ನಮ್ಮ ಕಡೆಯ ಸಿದ್ದಿಗಳೂ ಆಫ್ರಿಕಾ ಮೂಲದವರೇ. ಅವರ ಡಮಾಮಿ (ಡೋಲು ಬಾರಿಸಿ ಹಾಡುವ) ಹಾಡಿಗೂ ಬ್ಲೂಸಿಗೂ ಎಲ್ಲಾದರೂ ನೆಂಟಸ್ತನ ಇದೆಯಾ?

78 ಸುತ್ತು, ಕುಮಟಾ

ಇಲ್ಲ ಮಾರಾಯ್ರೆ. ಸಿದ್ದಿಗಳ ಹಿರಿಯರು ಬಹುಪಾಲು ಪೂರ್ವ ಆಫ್ರಿಕಾ ಕಡೆಯಿಂದ, ಪೋರ್ಚುಗೀಸರ ಗೋವಾ ಮೂಲಕ ಬಂದವರು. ಅಮೆರಿಕಕ್ಕೆ ಒಯ್ದವರು ಹೆಚ್ಚಾಗಿ ಪಶ್ಚಿಮ ಮತ್ತು ಮಧ್ಯ-ಪಶ್ಚಿಮ ಆಫ್ರಿಕಾದವರು. ಬ್ಲೂಸ್ ಹುಟ್ಟಿದ್ದೂ ಆಫ್ರಿಕಾದಲ್ಲಲ್ಲ, ಗುಲಾಮಗಿರಿ ರದ್ದಾದ ನಂತರದ ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ರಾಜ್ಯಗಳ ಹತ್ತಿ ಹೊಲ, ರೈಲು ದಾರಿಗಳಲ್ಲಿ. ಅಚ್ಚಾದ ಬ್ಲೂಸ್ ಸ್ವರಪತ್ರಗಳು ಹೊರಬಂದದ್ದು 1912ರಲ್ಲಿ, ಕಪ್ಪು ಗಾಯಕಿಯೊಬ್ಬಳ ಬ್ಲೂಸ್ ಹಾಡು ಮೊದಲು ರೆಕಾರ್ಡಾದದ್ದು 1920ರಲ್ಲಿ, ಅವಳು ಮೇಮಿ ಸ್ಮಿತ್. ಡಮಾಮಿಗೆ ಅದರದ್ದೇ ದಾರಿ ಇದೆ, ಅದಕ್ಕೆ ಬ್ಲೂಸಿನ ಶಿಫಾರಸು ಬೇಕಾಗಿಲ್ಲ.

ಮುಂದೆ ಯಾರನ್ನು ಕೇಳಬೇಕು ಅಂದಿರಿ. ಹೆಬ್ಬೆರಳಿಗೆ ಮಿಸಿಸಿಪ್ಪಿ ಜಾನ್ ಹರ್ಟ್. 1928ರ ರೆಕಾರ್ಡಿಂಗುಗಳಿಂದಲೇ ಶುರು ಮಾಡಿ, ಪಿಸುಮಾತಿನಂಥ ದನಿ, ಕೆಳಗೆ ಗಡಿಯಾರದಂಥ ಬೆರಳು. ಆಮೇಲೆ ಮೂರೂವರೆ ದಶಕ ಈತ ಎಲ್ಲಿದ್ದಾನೆಂದು ಹೊರಗಿನವರಿಗೆ ಗೊತ್ತೇ ಇರಲಿಲ್ಲ. ಹಳೆಯ ಹಾಡಿನಲ್ಲಿ ತನ್ನ ಊರು ಅವಲಾನ್ ಅಂತ ಹಾಡಿದ್ದನ್ನೇ ಜಾಡು ಹಿಡಿದು 1963ರಲ್ಲಿ ಹುಡುಕಿದರು. ಎಲಿಜಬೆತ್ ಕಾಟನ್ ಅವರನ್ನು ಕೇಳುವಾಗ ಇದು ನೆನಪಿರಲಿ: ಎಡಗೈಯವರು, ಬಲಗೈ ಗಿಟಾರನ್ನೇ ತಿರುಗಿಸಿ ಹಿಡಿದು ಬೆರಳಿನಿಂದ ದಪ್ಪ ತಂತಿ, ಹೆಬ್ಬೆರಳಿನಿಂದ ಮಟ್ಟು ಬಾರಿಸ್ತಿದ್ದರು. ಅವರ ಕೈ ನೋಡಿ ನಕಲು ಮಾಡಿದರೆ ಎಲ್ಲ ಉಲ್ಟಾ. ಸ್ಲೈಡಿಗೆ ಫ್ರೆಡ್ ಮ್ಯಾಕ್‌ಡವೆಲ್, 1959ರಲ್ಲಿ ಜಾನಪದ ಸಂಗ್ರಾಹಕ ಅಲನ್ ಲೊಮ್ಯಾಕ್ಸ್ ರೆಕಾರ್ಡ್ ಮಾಡಿದ್ದು. ಅಲ್ಲಿ 12 ಆವರ್ತನ ಹುಡುಕಬೇಡಿ, ಹೆಚ್ಚಾಗಿ ಒಂದೇ ಷಡ್ಜದ ಮೇಲೆ ಸುತ್ತುತ್ತೆ. ರಾಬರ್ಟ್ ಜಾನ್ಸನ್ 1936, 37ರಲ್ಲಿ ಹಾಡಿದ್ದು 29 ಹಾಡು ಮಾತ್ರ. ಅವರನ್ನು ಇಷ್ಟೆಲ್ಲ ಆದಮೇಲೆ ಕೇಳಿ. ಮೊದಲೇ ಕೇಳಿದರೆ ಗಿಟಾರ್ ಬದಿಗಿಡುವ ಮನಸ್ಸಾಗುತ್ತೆ.

ಈಗಿನವರಲ್ಲಿ ಕ್ರಿಸ್ ಸ್ಮಿದರ್. ಗಿಟಾರ್ ಜೊತೆ ಕೇಳುವ ಟಪಟಪ ಡ್ರಮ್ ಅಲ್ಲ, ಅವರ ಪಾದ, ಅದಕ್ಕೂ ಮೈಕ್ ಇಡ್ತಾರೆ. ಅಮೆರಿಕಾನಾ ಕಡೆಗೆ ಗಿಲಿಯನ್ ವೆಲ್ಚ್, ಜೊತೆಗೆ ಡೇವಿಡ್ ರಾಲಿಂಗ್ಸ್. ಅಲ್ಲಿ ಮಾತ್ರ ಗಿಟಾರ್ ನಿಜವಾಗಿಯೂ ಎರಡು! ಅಮೆರಿಕಾನಾ ಅನ್ನೋದು ರಾಗದ ಹೆಸರಿನಂಥದ್ದಲ್ಲ. ಬ್ಲೂಸ್, ಕಂಟ್ರಿ, ಜಾನಪದ ಎಲ್ಲ ಬೆರೆತು ಯಾವ ಗೂಡಿಗೂ ಸೇರದ್ದಕ್ಕೆ ಪೇಟೆಯವರು ಕೊಟ್ಟ ಚೀಟಿ. ಆ ಹೆಸರಿನ ಆಲ್ಬಮ್ಮಿಗೆ ಗ್ರ್ಯಾಮಿ ಶುರುವಾದದ್ದೇ 2010ರಲ್ಲಿ.

ಹಳೆಯ 78 ಆರ್‌ಪಿಎಂ ತಟ್ಟೆಗಳ ಜೊತೆ ಬಾರಿಸುವಾಗ ಟ್ಯೂನರ್ ನಂಬಬೇಡಿ. ತಟ್ಟೆಯ ವೇಗ ಕರಾರುವಾಕ್ಕಾಗಿ ಇರುತ್ತಿರಲಿಲ್ಲ, ಸ್ವರ ಎರಡು ಮನೆಯ ನಡುವೆ ನಿಲ್ಲುತ್ತೆ. ಕಿವಿಯಿಂದಲೇ ಕೂಡಿಸಿ.

ಆಲ್ಬಮ್ಮಿನ ವಿವರದಲ್ಲಿ ಹಾಡು ಬರೆದವರ ಹೆಸರು ಒಂದೊಂದಾಗಿ ನೋಡಿ. ಒಬ್ಬನೇ ಬರೆದದ್ದು ಅಂದರೂ ನಡುವೆ ಒಂದೆರಡು ಹಾಡಿಗೆ ‘ಸಾಂಪ್ರದಾಯಿಕ’ ಅಂತ ಇರಬಹುದು. ಅದೇ ಹಾಡನ್ನು ಹಳಬರು ಹೇಗೆ ಹಾಡಿದ್ದಾರೆ ಅಂತ ಹುಡುಕಿದರೆ ಮುಂದಿನ ದಾರಿ ತಾನಾಗೇ ತೆರೆಯುತ್ತೆ. ಬ್ಯಾಂಡ್‌ಕ್ಯಾಂಪಿನಲ್ಲಿ (ಸಂಗೀತಗಾರರು ನೇರವಾಗಿ ಮಾರುವ ಜಾಲತಾಣ) ಸಿಕ್ಕರೆ ಅಲ್ಲೇ ಕೊಳ್ಳಿ. ಡಿಜಿಟಲ್ ಮಾರಾಟದಲ್ಲಿ ಅವರು ಇಟ್ಟುಕೊಳ್ಳೋದು ಶೇ. 15, ಫ್ಲ್ಯಾಕ್ (ಸದ್ದಿನ ಗುಣ ಕುಗ್ಗದ) ಫೈಲೂ ಸಿಗುತ್ತೆ.

ಮೌತ್ ಆರ್ಗನ್ ಬಗ್ಗೆ ಯಾರೂ ಹೇಳಲಿಲ್ಲ. ಕೊಳ್ಳುವ ಯೋಚನೆ ಇದ್ದರೆ ಹಾಡಿನ ಷಡ್ಜದ್ದೇ ಮೌತ್ ಆರ್ಗನ್ ತರಬೇಡಿ. ಬ್ಲೂಸಿಗೆ ಅದರ ಶುದ್ಧ ಮಧ್ಯಮದ್ದು ಬೇಕು: ಹಾಡು ಡಿ ಇದ್ದರೆ ಜಿ ಮೌತ್ ಆರ್ಗನ್, ಜಿ ಇದ್ದರೆ ಸಿ. 2ನೇ ತೂತಿನಲ್ಲಿ ಉಸಿರು ಒಳಗೆಳೆದರೆ ಷಡ್ಜ.

ಮಳೆಗಾಲದ ಶ್ರುತಿ, ಶಿರಸಿ

ಎಲ್ಲರಿಗೂ ಧನ್ಯವಾದ. ಮೋನೋ ಮಾಡಿ ಕೇಳಿದೆ, ಒಂದೇ ಗಿಟಾರ್ ಹೌದು. ಈಗ ಎರಡು ತೊಡಕು. ‘ತ’, ‘ಧಿ’ ಸರಿ ಬರ್ತದೆ, ‘ಕ’ ಮೇಲೆ ತೋರುಬೆರಳು ಹಾಕಿದ ಕೂಡಲೇ ಹೆಬ್ಬೆರಳು ನಿಂತುಬಿಡ್ತದೆ. ಮತ್ತೆ ಮೂರನೇ ಹಾಡಿನ ಕೊನೆಯ ಕಾರ್ಡಿಗೆ ಟ್ಯೂನರ್ ಹಿಡಿದರೆ ಕೆಳಗಿನ ಸ್ವರ ಡಿ ಅಲ್ಲ, ಸಿ ಶಾರ್ಪ್ ತೋರಿಸ್ತಾ ಇದೆ.

ಕಾಳಿ ಸೇತುವೆ, ಕಾರವಾರ

ಹೆಬ್ಬೆರಳು ನಿಲ್ಲೋದು ಎಲ್ಲರಿಗೂ ಇದೇ ಜಾಗದಲ್ಲಿ. ಮೆದುಳು ಹೊಸ ಬೆರಳಿನ ಕಡೆ ತಿರುಗಿ ಹಳೆಯದನ್ನು ಮರೆಯುತ್ತೆ. 60ರಿಂದ 40ಕ್ಕೆ ಇಳಿಸಿ. ನಾಲ್ಕು ಸುತ್ತು ಬರೀ ಹೆಬ್ಬೆರಳು, ಐದನೇ ಸುತ್ತಿನಲ್ಲಿ ಒಂದೇ ಒಂದು ‘ಕ’, ಮತ್ತೆ ನಾಲ್ಕು ಸುತ್ತು ಬರೀ ಹೆಬ್ಬೆರಳು. ಆ ಒಂದು ಏಟು ತಪ್ಪಿದರೆ ತಪ್ಪಲಿ, ಹೆಬ್ಬೆರಳು ಮಾತ್ರ ನಿಲ್ಲಬಾರದು. ಬೆರಳಿನ ಸ್ವರ ಬಿಟ್ಟುಹೋದರೆ ಕೇಳುವವರಿಗೆ ಗೊತ್ತಾಗೋದಿಲ್ಲ, ಹೆಬ್ಬೆರಳು ತಪ್ಪಿದರೆ ಆಚೆಮನೆಯವರಿಗೂ ಗೊತ್ತಾಗುತ್ತೆ. ಮಣಿಕಟ್ಟು ಗಿಟಾರಿನ ಮೇಲೆ ಕುಸಿದು ಕೂತಿದೆಯಾ ನೋಡಿ. ಕುಸಿದರೆ ಹೆಬ್ಬೆರಳು ತೋರುಬೆರಳಿನ ಹಿಂದೆ, ಅಂಗೈ ಒಳಗೆ ಸೇರಿ ಎರಡೂ ಡಿಕ್ಕಿ ಹೊಡೀತವೆ. ಹೆಬ್ಬೆರಳು ಯಾವಾಗಲೂ ಬೆರಳುಗಳಿಗಿಂತ ಎರಡು ಅಂಗುಲ ನೆಕ್ ಕಡೆಗೆ ಇರಬೇಕು.

ಬಿಳಿ ಎರಡು, ಹೊನ್ನಾವರ

ಸಿ ಶಾರ್ಪ್ ಅಂದರೆ ಅದೇ ಸ ಪ ಸ ಗ ಪ ಸ, ಇಡೀ ಗಿಟಾರ್ ಅರ್ಧ ಸ್ವರ ಕೆಳಗೆ. ಗಂಟಲಿಗೆ ಹೊಂದಿಸಿಕೊಳ್ಳೋದಕ್ಕೆ ಹಾಗೆ ಮಾಡ್ತಾರೆ, ಭಾಗವತರು ಬಿಳಿ ಎರಡು ಬಿಟ್ಟು ಕಪ್ಪು ಒಂದಕ್ಕೆ ಹೋದ ಹಾಗೆ. ನಿಮ್ಮ 12ರ ತಂತಿ ಅಷ್ಟು ಕೆಳಗೆ ಹೋದರೆ ಸಡಿಲಾಗಿ ಲೊಡಲೊಡ ಅನ್ನುತ್ತೆ, ಇಳಿಸಬೇಡಿ. ಗಿಟಾರ್ ಓಪನ್ ಡಿಯಲ್ಲೇ ಇರಲಿ, ಹಾಡನ್ನೇ ಎತ್ತಿ. ಆಡಾಸಿಟಿ ಉಚಿತ ಸಾಫ್ಟ್‌ವೇರ್, ಅದರಲ್ಲಿ ಫೈಲ್ ತೆರೆದು ‘ಚೇಂಜ್ ಪಿಚ್’ನಲ್ಲಿ ಒಂದು ಸೆಮಿಟೋನ್ ಮೇಲಕ್ಕೆ. ಅಲ್ಲೇ ‘ಚೇಂಜ್ ಟೆಂಪೋ’ದಲ್ಲಿ ಮೈನಸ್ 40 ಕೊಟ್ಟರೆ ಸ್ವರ ಬದಲಾಗದೆ ನಿಧಾನ ಆಗುತ್ತೆ. ಆ ವೇಗದಲ್ಲಿ ಹೆಬ್ಬೆರಳು ಯಾವ ತಂತಿಯಿಂದ ಯಾವ ತಂತಿಗೆ ಹೋಯಿತು ಅಂತ ಒಂದೊಂದೇ ಹೆಕ್ಕಿ ಬರೆದುಕೊಳ್ಳಬಹುದು. ಹಂಚಿನ ಮೇಲೆ ಮಳೆ ಜೋರಿದ್ದಾಗ ಮಾತ್ರ ಈ ಕೆಲಸಕ್ಕೆ ಕೂರಬೇಡಿ, 6ನೇ ತಂತಿ ಕೇಳಿಸೋದೇ ಇಲ್ಲ.